ದೊಡ್ಡ ಫುಟ್‌ಬಾಲ್ ಕ್ಲಬ್‌ನ ಬಿ ಟೀಮ್ ಕೆಳಗಿನ ಲೀಗ್‌ನಲ್ಲಿ ಆಡ್ಬೇಕಾ? ನೀವೇ ತೂಗಿ ನೋಡೋದು ಹೇಗೆ

ರಿಯಲ್ ಮ್ಯಾಡ್ರಿಡ್, ಬಾರ್ಸಾ, ಬಯರ್ನ್, ಅಯಾಕ್ಸ್ ತರದ ಕ್ಲಬ್‌ಗಳ ಎರಡನೇ ಟೀಮ್, ಅಂದ್ರೆ ಬಿ ಟೀಮ್, ಎರಡನೇ ಮೂರನೇ ಲೆವೆಲ್ ಲೀಗ್‌ಗಳಲ್ಲಿ ಬೇರೆ ಊರಿನ ಕ್ಲಬ್‌ಗಳ ಜೊತೆ ಪಾಯಿಂಟ್ಸ್‌ಗೆ ಆಡ್ತಾವೆ, ಇದು ಸರಿನಾ ತಪ್ಪಾ ಅಂತ ಮಾತು ಬಂದಾಗೆಲ್ಲ ಅರ್ಧ ಜನ "ಹುಡುಗ್ರು ಬೆಳೀತಾರೆ ಬಿಡಿ" ಅಂತಾರೆ, ಇನ್ನರ್ಧ ಜನ "ಲೀಗ್ ಹಾಳಾಗುತ್ತೆ" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ಆದ್ರೆ ಒಂದೊಂದು ದೇಶದಲ್ಲಿ ಒಂದೊಂದು ರೂಲ್ ಇದೆ, ಹಾಗಾಗಿ ಎಲ್ಲದಕ್ಕೂ ಒಂದೇ ಉತ್ತರ ಕೊಡೋಕಾಗಲ್ಲ. ನಿಮ್ಮ ಮುಂದೆ ಯಾವುದಾದ್ರೂ ಲೀಗ್ ಇದ್ರೆ ಅಲ್ಲಿ ಬಿ ಟೀಮ್ ಇರೋದು ನ್ಯಾಯನಾ ಅಂತ ನೋಡೋಕೆ ಏನೇನು ಕೇಳ್ಬೇಕು, ಎಲ್ಲಿ ಕಣ್ಣಿಡ್ಬೇಕು ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಕೆಳಗಿಂದ ಆಡ್ಕೊಂಡು ಗೆದ್ದು ಬಂದಿದ್ರೆ, ಸೋತಾಗ ಕೆಳಗೆ ಬೀಳೋ ಹಾಗಿದ್ರೆ, ಇರಲಿ. ಮೀಟಿಂಗ್ ರೂಮ್‌ನಲ್ಲಿ ಕೂತು ಸೀಟ್ ಕೊಟ್ಟಿದ್ರೆ ಬೇಡ.

ಮೊದಲು ಕೇಳ್ಬೇಕಾದ್ದು: ಒಳಗೆ ಬಂದಿದ್ದು ಹೇಗೆ?

ಟೇಬಲ್ ನೋಡೋಕೂ ಮುಂಚೆ ಇದನ್ನ ಹುಡುಕಿ. ಸ್ಪೇನ್, ಜರ್ಮನಿಯಲ್ಲಿ ಬಿ ಟೀಮ್ ಬೇರೆ ಕ್ಲಬ್‌ಗಳ ಹಾಗೇ ಮೆಟ್ಟಿಲು ಹತ್ತಬೇಕು. ಗ್ವಾರ್ಡಿಯೋಲಾ 2007ರಲ್ಲಿ ಬಾರ್ಸಾ ಬಿ ಕೋಚ್ ಆದಾಗ ಆ ಟೀಮ್ ಇದ್ದಿದ್ದು ನಾಲ್ಕನೇ ಲೆವೆಲ್ ಆಗಿದ್ದ ತೆರ್ಸೆರಾದಲ್ಲಿ, ಬುಸ್ಕೆಟ್ಸ್, ಪೆಡ್ರೋ ಎಲ್ಲ ಸಣ್ಣಸಣ್ಣ ಊರುಗಳ ಗ್ರೌಂಡ್‌ಗಳಿಗೆ ಹೋಗಿ ಆಡಿ ಗೆದ್ದೇ ಮೇಲೆ ಬಂದ್ರು. ಬಯರ್ನ್ ಎರಡನೇ ಟೀಮ್ ಕೂಡ 2019ರಲ್ಲಿ ಪ್ಲೇ-ಆಫ್‌ನಲ್ಲಿ ವೋಲ್ಫ್ಸ್‌ಬರ್ಗ್ ಎರಡನೇ ಟೀಮನ್ನ ಸೋಲಿಸಿ ಮೂರನೇ ಲೀಗ್‌ಗೆ ಬಂತು. ಇದರಲ್ಲಿ ಯಾರೂ ತಕರಾರು ತೆಗೆಯೋ ಹಾಗಿಲ್ಲ.

ಹಾಲೆಂಡ್ ಕಥೆ ಬೇರೆ. 2012-13 ಸೀಸನ್ ನಡೀತಿರುವಾಗ್ಲೇ ಎಜಿಒವಿವಿ ಅಪೆಲ್ಡೋರ್ನ್, ವೇನ್‌ಡಾಮ್ ಅಂತ ಎರಡು ಕ್ಲಬ್ ದಿವಾಳಿ ಆಗಿ ಎರಡನೇ ಡಿವಿಷನ್‌ನಲ್ಲಿ ಟೀಮ್‌ಗಳು ಕಮ್ಮಿ ಆದ್ವು. ಆಗ ಮುಂದಿನ ವರ್ಷಕ್ಕೆ ಯೊಂಗ್ ಅಯಾಕ್ಸ್, ಯೊಂಗ್ ಪಿಎಸ್‌ವಿ, ಯೊಂಗ್ ಟ್ವೆಂಟೆ (ಅಲ್ಲಿ ಬಿ ಟೀಮ್‌ಗೆ ಯೊಂಗ್ ಅಂತಾರೆ) ಮೂರನ್ನೂ ಸೀದಾ ಸೇರಿಸ್ಕೊಂಡ್ರು, ಕೆಳಗಿಂದ ಹತ್ತಿ ಬಂದ ಅಮೆಚೂರ್ ಕ್ಲಬ್ ಅಂತ ಆಚಿಲ್ಲೆಸ್ '29 ಒಂದೇ. ಇಟಲಿಯಲ್ಲೂ ಸ್ವಲ್ಪ ಹೀಗೇ, ಮೂರನೇ ಲೆವೆಲ್ ಆದ ಸೀರೀ ಸಿನಲ್ಲಿ ಲೈಸೆನ್ಸ್ ಸಿಗದೆ ಕ್ಲಬ್‌ಗಳು ಉದುರಿದ ಜಾಗಕ್ಕೆ 2018ರಲ್ಲಿ ಯುವೆಂಟಸ್ ಅಂಡರ್-23 ಬಂತು, ಆಮೇಲೆ 2023ರಲ್ಲಿ ಅಟಲಾಂಟಾ, 2024ರಲ್ಲಿ ಮಿಲಾನ್. ಸ್ಕಾಟ್ಲೆಂಡ್‌ನಲ್ಲಿ ರೇಂಜರ್ಸ್ ಬಿ, ಸೆಲ್ಟಿಕ್ ಬಿ 2021ರಲ್ಲಿ ಐದನೇ ಲೆವೆಲ್ ಆದ ಲೋಲ್ಯಾಂಡ್ ಲೀಗ್‌ಗೆ ಫೀಸ್ ಕಟ್ಟಿ ಗೆಸ್ಟ್ ತರ ಬಂದ್ವು, ಮೇಲೂ ಹೋಗೋ ಹಾಗಿರಲಿಲ್ಲ ಕೆಳಗೂ ಬೀಳೋ ಹಾಗಿರಲಿಲ್ಲ. ಒಂದು ಟೀಮ್‌ಗೆ ಸೋತ್ರೂ ಗೆದ್ರೂ ಏನೂ ಆಗಲ್ಲ ಅಂದಾಗ ಎದುರಿಗೆ ಉಳಿಯೋಕೆ ಒದ್ದಾಡ್ತಿರೋ ಊರಿನ ಕ್ಲಬ್ ಇದ್ರೆ ಅದು ಸಮ ಮ್ಯಾಚ್ ಅಲ್ಲ.

ಇಟಲಿ ಬಗ್ಗೆ ಒಂದು ಮಾತು ಸೇರಿಸ್ಲೇಬೇಕು. ಬಂದಿದ್ದು ಪಕ್ಕದ ಬಾಗಿಲಿಂದ ಆದ್ರೂ ಬಂದ್ಮೇಲೆ ರೂಲ್ ಎಲ್ರಿಗೂ ಒಂದೇ, ಮಿಲಾನ್‌ನ ಬಿ ಟೀಮ್ ಮಿಲಾನ್ ಫ್ಯೂಚರೋ 2025ರಲ್ಲಿ ಸ್ಪಾಲ್ ಎದುರು ಪ್ಲೇ-ಔಟ್ (ಕೆಳಗೆ ಬೀಳೋದು ಯಾರು ಅಂತ ತೀರ್ಮಾನಿಸೋ ಆಟ) ಸೋತು ಸೀರೀ ಡಿಗೆ ಬಿದ್ದೇಬಿಡ್ತು. ಅಷ್ಟರ ಮಟ್ಟಿಗೆ ಮೆಚ್ಚಬೇಕು.

ಆಮೇಲೆ: ಮೇಲೆ ಎಲ್ಲಿವರೆಗೆ ಹೋಗಬಹುದು, ಆ ಗೆರೆ ಯಾರ ಮೇಲೆ ಬೀಳುತ್ತೆ?

ಹೆಚ್ಚಿನ ಕಡೆ ಬಿ ಟೀಮ್ ತನ್ನ ದೊಡ್ಡ ಟೀಮ್ ಇರೋ ಡಿವಿಷನ್‌ಗೆ ಹೋಗೋ ಹಾಗಿಲ್ಲ, ಜರ್ಮನಿಯಲ್ಲಂತೂ ಮೂರನೇ ಲೀಗ್‌ಗೇ ಫುಲ್ ಸ್ಟಾಪ್. ಇದು ಸರಿಯಾದ ರೂಲೇ, ಆದ್ರೆ ಟೇಬಲ್ ಓದೋವಾಗ ನಾವು ಮರೀತೀವಿ. ಟೇಬಲ್ ಕೈಗೆ ತಗೊಂಡು ಬಿ ಟೀಮ್‌ಗಳ ಹೆಸರಿನ ಮೇಲೆ ಒಂದೊಂದು ಗೆರೆ ಎಳೆದು ಉಳಿದವರಿಗೆ ಹೊಸ ನಂಬರ್ ಹಾಕಿ ನೋಡಿ, ಆಗ ಯಾರು ನಿಜವಾಗ್ಲೂ ಪ್ರೊಮೋಷನ್ ರೇಸ್‌ನಲ್ಲಿದ್ದಾರೆ ಅಂತ ಗೊತ್ತಾಗುತ್ತೆ.

ಇದನ್ನ ಕಲಿಯೋಕೆ ಸ್ಪೇನ್‌ನ 1983-84ರ ಸೆಗುಂದಾ (ಎರಡನೇ) ಡಿವಿಷನ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಚಾಂಪಿಯನ್ ಕಾಸ್ಟಿಯಾ, ಅಂದ್ರೆ ರಿಯಲ್ ಮ್ಯಾಡ್ರಿಡ್‌ನ ಎರಡನೇ ಟೀಮ್, ಆಗ ಅದರಲ್ಲಿ ಬುತ್ರಗೆನ್ಯೊ, ಮಿಚೆಲ್, ಸಾಂಚಿಸ್, ಮಾರ್ಟಿನ್ ವಾಸ್ಕೆಜ್ ಎಲ್ಲ ಇದ್ರು, ಮುಂದೆ ಮ್ಯಾಡ್ರಿಡ್‌ನ ಒಂದು ಇಡೀ ಕಾಲವನ್ನೇ ಆಳಿದ ಹುಡುಗ್ರು. ಎರಡನೇ ಸ್ಥಾನ ಬಿಲ್ಬಾವ್ ಅಥ್ಲೆಟಿಕ್, ಅದೂ ಅಥ್ಲೆಟಿಕ್ ಬಿಲ್ಬಾವ್ ಅನ್ನೋ ಕ್ಲಬ್‌ನ ಬಿ ಟೀಮೇ! ಎರಡೂ ಮೇಲೆ ಹೋಗೋ ಹಾಗಿಲ್ಲ, ಹಾಗಾಗಿ ಮೂರು ನಾಲ್ಕು ಐದರಲ್ಲಿದ್ದ ಎರ್ಕುಲೆಸ್, ರೇಸಿಂಗ್ ಸಾಂತಾಂದೆರ್, ಎಲ್ಚೆ ಮೇಲೆ ಹೋದ್ವು. ಐದನೇ ಸ್ಥಾನಕ್ಕೆ ಪ್ರೊಮೋಷನ್! 2010-11ರಲ್ಲೂ ಹೀಗೇ, ಬಾರ್ಸಾ ಬಿ ಮೂರನೇ ಸ್ಥಾನಕ್ಕೆ ಬಂದಿದ್ದಕ್ಕೆ ಪ್ಲೇ-ಆಫ್ ಒಂದು ಮೆಟ್ಟಿಲು ಕೆಳಗೆ ಇಳಿದು ಏಳನೇ ಸ್ಥಾನದ ವಯ್ಯದೊಲಿದ್‌ಗೂ ಚಾನ್ಸ್ ಸಿಕ್ತು, ಕೊನೆಗೆ ಗೆದ್ದು ಹೋಗಿದ್ದು ಐದನೇ ಸ್ಥಾನದ ಗ್ರನಾಡಾ. ಪೋರ್ಚುಗಲ್‌ನಲ್ಲಿ 2016ರಲ್ಲಿ ಪೋರ್ತೊ ಬಿ ಚಾಂಪಿಯನ್, ಹಾಲೆಂಡ್‌ನಲ್ಲಿ 2018ರಲ್ಲಿ ಯೊಂಗ್ ಅಯಾಕ್ಸ್ ಚಾಂಪಿಯನ್, ಜರ್ಮನಿಯಲ್ಲಿ 2020ರಲ್ಲಿ ಬಯರ್ನ್ ಎರಡನೇ ಟೀಮ್ ಚಾಂಪಿಯನ್, ಈ ಮೂರು ಬಿ ಟೀಮ್‌ಗಳಲ್ಲಿ ಯಾವುದೂ ಮೇಲೆ ಹೋಗಲಿಲ್ಲ.

ಕೆಲವರು ಇದನ್ನ ನೋಡಿ "ಸಣ್ಣ ಕ್ಲಬ್‌ಗೆ ಲಾಭವೇ ಆಯ್ತಲ್ಲ" ಅಂತಾರೆ. ಮೇಲ್ಗಡೆ ನೋಡಿದ್ರೆ ಹೌದು. ಕೆಳಗಡೆ ನೋಡಿ, ಬಿ ಟೀಮ್ ಕೂತಿರೋ ಪ್ರತಿ ಸೀಟೂ ಒಂದು ಊರಿಗೆ ಸಿಗಬಹುದಾಗಿದ್ದ ಸೀಟು, ಇಪ್ಪತ್ತು ಟೀಮ್ ಲೀಗ್‌ನಲ್ಲಿ ನಾಲ್ಕು ಯೊಂಗ್ ಟೀಮ್ ಇದ್ರೆ ನಾಲ್ಕು ಊರಿಗೆ ಆ ಜಾಗ ಇಲ್ಲ.

ಇನ್ನೊಂದು ಕಡೆಯಿಂದಲೂ ನೋಡ್ಬೇಕು, ಬಿ ಟೀಮ್ ಹುಡುಗ್ರಿಗೇ ಅನ್ಯಾಯ ಆಗೋ ಜಾಗ. 2011-12ರಲ್ಲಿ ವಿಯ್ಯಾರಿಯಲ್ ಸ್ಪೇನ್‌ನ ಮೊದಲ ಡಿವಿಷನ್ ಲಾ ಲಿಗಾದಿಂದ ಕೆಳಗೆ ಬಿತ್ತು, ಅವರ ಬಿ ಟೀಮ್ ಎರಡನೇ ಡಿವಿಷನ್‌ನಲ್ಲಿ 12ನೇ ಸ್ಥಾನದಲ್ಲಿ ಆರಾಮಾಗಿ ಮುಗಿಸಿತ್ತು, ಆದ್ರೂ ಎರಡೂ ಒಂದೇ ಡಿವಿಷನ್‌ನಲ್ಲಿ ಇರೋ ಹಾಗಿಲ್ಲ ಅಂತ ಬಿ ಟೀಮನ್ನ ಮೂರನೇ ಲೆವೆಲ್‌ಗೆ ದಬ್ಬಿದ್ರು. ಇಡೀ ವರ್ಷ ಆಡಿ ಸಂಪಾದಿಸಿದ್ದು ದೊಡ್ಡೋರ ತಪ್ಪಿಗೆ ಹೋಯ್ತು.

ಲೈನಪ್ ಓದೋದು ಕಲೀರಿ

ನನ್ನ ಪ್ರಕಾರ ಇದೇ ಮುಖ್ಯ, ಇದನ್ನ ಯಾರೂ ಮಾಡಲ್ಲ. ಬಿ ಟೀಮ್‌ನ ಹನ್ನೊಂದು ಜನರ ಪಟ್ಟಿ ತಗೊಳ್ಳಿ, ಪಕ್ಕದಲ್ಲಿ ದೊಡ್ಡ ಟೀಮ್‌ನ ಆ ವಾರದ ಶೆಡ್ಯೂಲ್ ಇಟ್ಕೊಳ್ಳಿ. ದೊಡ್ಡ ಟೀಮ್‌ಗೆ ಯೂರೋಪ್ ಮ್ಯಾಚ್ ಇರೋ ವಾರ, ಇಂಜುರಿ ಜಾಸ್ತಿ ಇರೋ ವಾರ ಬಿ ಟೀಮ್‌ನ ಒಳ್ಳೆ ನಾಲ್ಕೈದು ಹುಡುಗ್ರು ಮೇಲಿನ ಬೆಂಚ್‌ಗೆ ಹೋಗಿರ್ತಾರೆ, ಆ ವಾರ ಎದುರಾದ ಕ್ಲಬ್‌ಗೆ ಸುಲಭ. ಎರಡು ವಾರ ಬಿಟ್ಟು ಅವರೆಲ್ಲ ವಾಪಸ್, ಜೊತೆಗೆ ಇಂಜುರಿಯಿಂದ ಎದ್ದು ಬಂದ ಸೀನಿಯರ್ ಒಬ್ಬ ಫಿಟ್‌ನೆಸ್‌ಗೋಸ್ಕರ ಇಳಿದಿರ್ತಾನೆ, ಆ ವಾರ ಎದುರಾದವರಿಗೆ ಕಷ್ಟ. ಒಂದೇ ಹೆಸರು ಒಂದೇ ಜರ್ಸಿ, ಆದ್ರೆ ಎರಡು ಬೇರೆ ಟೀಮ್. ಒಂದು ಪಾಯಿಂಟ್‌ನಲ್ಲಿ ಕೆಳಗೆ ಬೀಳೋ ಕ್ಲಬ್‌ಗೆ ಇದು ಸಣ್ಣ ವಿಷಯ ಅಲ್ಲ, ಅಲ್ಲಿ ಕೆಲಸ ಮಾಡೋರ ಸಂಬಳದ ವಿಷಯ.

ಹಾಗಾಗಿ ರೂಲ್ ಬುಕ್‌ನಲ್ಲಿ ವಯಸ್ಸಿನ ಮಿತಿ ಏನು, ಮೇಲೆ ಕೆಳಗೆ ಓಡಾಡೋಕೆ ಲಿಮಿಟ್ ಇದೆಯಾ ಅಂತ ನೋಡಿ. ಜರ್ಮನಿಯಲ್ಲಿ 23 ದಾಟಿದವರು ಒಂದೇ ಸಲಕ್ಕೆ ಮೂರು ಜನ ಮಾತ್ರ ಗ್ರೌಂಡ್‌ನಲ್ಲಿ ಇರಬಹುದು. ಕೇಳೋಕೆ ಬಿಗಿ ಅನ್ಸುತ್ತೆ, ಆದ್ರೆ 2019-20ರಲ್ಲಿ ಬಯರ್ನ್ ಎರಡನೇ ಟೀಮ್‌ನ ಗೋಲ್‌ಗಳಲ್ಲಿ 24 ಹೊಡೆದು ಲೀಗ್‌ನ ಟಾಪ್ ಸ್ಕೋರರ್ ಆದ ಕ್ವಾಸಿ ವ್ರೀಟ್‌ಗೆ ಆಗ 25 ವಯಸ್ಸು. ಅವನು ಹೋದ ಮುಂದಿನ ಸೀಸನ್ ಅದೇ ಚಾಂಪಿಯನ್ ಟೀಮ್ ರೆಲಿಗೇಟ್ ಆಯ್ತು. ಹುಡುಗರನ್ನ ಬೆಳೆಸೋಕೆ ಅಂತ ಹೇಳೋ ಟೀಮ್‌ನಲ್ಲಿ ನಿಜಕ್ಕೂ ಗೆಲ್ಲಿಸ್ತಿರೋದು ಯಾರು ಅಂತ ಪಟ್ಟಿಯಲ್ಲಿ ಹುಟ್ಟಿದ ವರ್ಷ ನೋಡಿದ್ರೆ ಹೊರಗೆ ಬರುತ್ತೆ.

ಕಪ್ ಟೂರ್ನಿಗಳನ್ನ ಬೇರೆಯಾಗಿ ನೋಡಿ

ಲೀಗ್ ಬೇರೆ ಕಪ್ ಬೇರೆ. 1980ರಲ್ಲಿ ಕಾಸ್ಟಿಯಾ ಸ್ಪೇನ್ ಕಪ್‌ನಲ್ಲಿ ಅಥ್ಲೆಟಿಕ್ ಬಿಲ್ಬಾವ್, ರಿಯಲ್ ಸೊಸಿಯೆದಾದ್, ಸ್ಪೋರ್ಟಿಂಗ್ ಹಿಖೋನ್ ಇಂಥಾ ದೊಡ್ಡ ಟೀಮ್‌ಗಳನ್ನ ಹೊರಗೆ ಹಾಕಿ ಫೈನಲ್ ಸೇರ್ತು, ಅಲ್ಲಿ ಎದುರಿಗೆ ಬಂದಿದ್ದು ಸ್ವಂತ ದೊಡ್ಡ ಟೀಮ್! ಬೆರ್ನಬ್ಯೂನಲ್ಲಿ ರಿಯಲ್ ಮ್ಯಾಡ್ರಿಡ್ 6-1ರಲ್ಲಿ ಗೆಲ್ತು. ಮ್ಯಾಡ್ರಿಡ್ ಲೀಗೂ ಗೆದ್ದಿದ್ರಿಂದ ಕಾಸ್ಟಿಯಾಗೆ ಯೂರೋಪ್‌ನ ಕಪ್ ವಿನ್ನರ್ಸ್ ಕಪ್ ಟಿಕೆಟ್ ಸಿಕ್ತು, ವೆಸ್ಟ್ ಹ್ಯಾಮ್ ಎದುರು ಮೊದಲ ಮ್ಯಾಚ್ 3-1 ಗೆದ್ದು ಎರಡನೇದು ಎಕ್ಸ್‌ಟ್ರಾ ಟೈಮ್‌ನಲ್ಲಿ 5-1 ಸೋತ್ರು. ಓದೋಕೆ ರೋಮಾಂಚನ ಆಗೋ ಕಥೆ, ಆ ಹುಡುಗರ ಬಗ್ಗೆ ಹೆಮ್ಮೆನೂ ಆಗುತ್ತೆ, ಆದ್ರೆ ಒಂದೇ ಮಾಲೀಕರ ಎರಡು ಟೀಮ್ ಒಂದೇ ಫೈನಲ್‌ನಲ್ಲಿ ಇರಬಾರದು, ಮ್ಯಾಚ್ ಎಷ್ಟೇ ಪ್ರಾಮಾಣಿಕವಾಗಿ ನಡೆದ್ರೂ ನೋಡೋನಿಗೆ ಅನುಮಾನ ಉಳಿಯುತ್ತೆ. ಸ್ಪೇನ್ 1990ರಿಂದ, ಜರ್ಮನಿ 2008ರಿಂದ ಬಿ ಟೀಮ್‌ಗಳನ್ನ ಕಪ್‌ನಿಂದ ಹೊರಗಿಟ್ಟಿದ್ದು ಸರಿಯಾಗೇ ಇದೆ.

ಇಂಗ್ಲೆಂಡ್ ಉಲ್ಟಾ ಮಾಡ್ತು. 2014ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಅಧ್ಯಕ್ಷ ಗ್ರೆಗ್ ಡೈಕ್ ಅವರ ಕಮಿಷನ್ ಬಿ ಟೀಮ್‌ಗಳಿಗೆ ಲೀಗ್ ತ್ರೀ ಅಂತ ಹೊಸ ಡಿವಿಷನ್ ಮಾಡೋಣ ಅಂದಾಗ ಅಭಿಮಾನಿಗಳು ಕ್ಲಬ್‌ಗಳು ಸೇರಿ ಬೇಡ ಅಂದ್ರು. ಆಮೇಲೆ 2016ರಲ್ಲಿ ಕೆಳಗಿನ ಎರಡು ಡಿವಿಷನ್‌ಗಳ ಕ್ಲಬ್‌ಗಳಿಗೇ ಅಂತ ಇದ್ದ ಇಎಫ್‌ಎಲ್ ಟ್ರೋಫಿಗೆ ದೊಡ್ಡ ಅಕಾಡೆಮಿಗಳ 16 ಅಂಡರ್-21 ಟೀಮ್ ಸೇರಿಸಿದ್ರು. ಜನ ಬಾಯ್ಕಾಟ್ ಮಾಡಿದ್ರು, ಸ್ಟ್ಯಾಂಡ್‌ಗಳು ಖಾಲಿ ಹೊಡೆದ್ವು. ಅದಕ್ಕಿಂತ ಬೇಜಾರು ಏನಂದ್ರೆ, ಬಂದಿರೋ ದೊಡ್ಡ ಅಕಾಡೆಮಿಗಳು ಹುಡುಗರನ್ನ ಆಡಿಸ್ಬೇಕು ಅನ್ನೋದೇ ಉದ್ದೇಶ, ಆದ್ರೆ ಸಣ್ಣ ಕ್ಲಬ್ ತನ್ನ ಹುಡುಗರನ್ನ ಆಡಿಸಿದ್ರೆ ದಂಡ! ಲೀಗ್ ಮ್ಯಾಚ್‌ನಲ್ಲಿ ಆಡಿದ ಐದು ಜನ ಇಳೀಲೇಬೇಕು ಅಂತ ಆಗ ರೂಲ್ ಇತ್ತು. ಬ್ರಾಡ್‌ಫರ್ಡ್ ಸಿಟಿ ಬರಿ ಎದುರು ತನ್ನ ಮೇನ್ ಗೋಲಿ ಕಾಲಿನ್ ಡಾಯ್ಲ್‌ನ ಇಳಿಸಿ ಮೂರೇ ನಿಮಿಷಕ್ಕೆ ವಾಪಸ್ ಕರೆಸಿ ಲೆಕ್ಕ ಸರಿ ಮಾಡ್ಕೊಂಡಿತು. ಲ್ಯೂಟನ್, ಪೋರ್ಟ್ಸ್‌ಮತ್ ದಂಡ ಕಟ್ಟಿದ್ವು. ಲ್ಯೂಟನ್ ಅಕಾಡೆಮಿಯ ಹುಡುಗ ಹುಡುಗ ಅಲ್ವಾ? ಯಾವುದೇ ಯೋಜನೆ ಬಂದಾಗ್ಲೂ ಯುವ ಆಟಗಾರರಿಗೆ ಅಂತ ಹೇಳ್ತಿರೋ ಸವಲತ್ತು ಸಣ್ಣ ಕ್ಲಬ್‌ನ ಯುವಕರಿಗೂ ಇದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಅದು ಯುವಕರಿಗೆ ಅಲ್ಲ ದೊಡ್ಡ ಕ್ಲಬ್‌ಗೆ.

ಹುಡುಗರ ಪರ ವಾದನೂ ಪೂರ್ತಿ ಕೇಳಿ

18-20 ವಯಸ್ಸಲ್ಲಿ ತನ್ನದೇ ವಯಸ್ಸಿನವರ ಜೊತೆ ಆಡ್ತಾ ಕೂತ್ರೆ ಬೆಳವಣಿಗೆ ನಿಲ್ಲುತ್ತೆ, 30 ವಯಸ್ಸಿನ ಗಟ್ಟಿ ಡಿಫೆಂಡರ್ ಎದುರು ಆಡ್ಬೇಕು, ಇದು ನಿಜ. ಲೋನ್ ಮೇಲೆ ಕಳಿಸಿದ್ರೆ ಬೇರೆ ಊರು, ಬೇರೆ ಕೋಚ್, ಎಷ್ಟೋ ಸಲ ಬೆಂಚ್‌ನಲ್ಲೇ ಸೀಸನ್ ಮುಗಿಯುತ್ತೆ. ಬಿ ಟೀಮ್ ಆದ್ರೆ ಬೆಳಿಗ್ಗೆ ದೊಡ್ಡ ಟೀಮ್ ಜೊತೆ ಪ್ರಾಕ್ಟೀಸ್ ಮಾಡಿ ವಾರಾಂತ್ಯದಲ್ಲಿ ಪಾಯಿಂಟ್ಸ್‌ಗೆ ಆಡಬಹುದು. ಯುವೆಂಟಸ್‌ನ ಫಾಜೋಲಿ, ಮಿರೆತ್ತಿ, ಕೆನಾನ್ ಯಿಲ್ಡಿಜ್ ಸೀರೀ ಸಿ ಟೀಮ್ ದಾಟಿಯೇ ಮೇಲೆ ಬಂದ್ರು, ಫ್ರೆಂಕಿ ಡಿ ಯೊಂಗ್ ಯೊಂಗ್ ಅಯಾಕ್ಸ್‌ಗೆ ಆಡಿದ್ರು. ಅದಕ್ಕೇ ನಾನು ಪೂರ್ತಿ ಬ್ಯಾನ್ ಮಾಡಿ ಅನ್ನಲ್ಲ. ಆ ಅನುಭವದ ಖರ್ಚು ಯಾರು ಕೊಡ್ತಿದ್ದಾರೆ ಅನ್ನೋದೇ ನನ್ನ ಪ್ರಶ್ನೆ. ಬಿ ಟೀಮ್ ಬಂದ ದಿನ ಹೊರ ಊರಿನ ಅಭಿಮಾನಿಗಳು ಬರೋದು ತುಂಬಾ ಕಮ್ಮಿ, ಟಿಕೆಟ್ ದುಡ್ಡು ನಷ್ಟ ಆಗೋದು ಮನೆ ಟೀಮ್‌ಗೆ, ಅದನ್ನ ತುಂಬಿಕೊಡೋಕೆ ದೊಡ್ಡ ಕ್ಲಬ್ ಏನಾದ್ರೂ ಕೊಡುತ್ತಾ ಅಂತ ನೋಡಿ.

ನಮ್ಮ ಕಡೆ ಇದನ್ನ ಹೇಗೆ ಹಚ್ಚೋದು

2017-18ರಿಂದ ಐ-ಲೀಗ್ ಎರಡನೇ ಡಿವಿಷನ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್‌ಗಳ ರಿಸರ್ವ್ ಟೀಮ್‌ಗಳು ಆಡಿದ್ವು, ಬೆಂಗಳೂರು ಎಫ್‌ಸಿದೂ ಇತ್ತು, ಮೇಲೆ ಹೋಗೋ ಹಕ್ಕು ಮಾತ್ರ ಇರಲಿಲ್ಲ. ಆ ವರ್ಷ ಗೆದ್ದು ಮೇಲೆ ಹೋಗಿದ್ದು ರಿಯಲ್ ಕಾಶ್ಮೀರ್, ಫೈನಲ್ ರೌಂಡ್ ನಡೆದಿದ್ದು ನಮ್ಮ ಬೆಂಗಳೂರಲ್ಲೇ. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಅಂತ ಹುಡುಗರಿಗೇ ಬೇರೆ ಲೀಗ್ ಶುರುವಾಯ್ತು, ಮೊದಲ ಸಲನೇ ಬೆಂಗಳೂರು ಎಫ್‌ಸಿ ಗೆಲ್ತು, ಶಿವಶಕ್ತಿ ನಾರಾಯಣನ್ ಅಂಥವರು ಹಾಗೇ ಮೇಲೆ ಬಂದು ಮುಂದಿನ ಐಎಸ್‌ಎಲ್ ಸೀಸನ್‌ನಲ್ಲಿ ಎಮರ್ಜಿಂಗ್ ಪ್ಲೇಯರ್ ಆದ್ರು. ನಮ್ಮ ದೇಶದಲ್ಲಿ ಕೆಳಗಿನ ಲೀಗ್‌ಗಳಲ್ಲಿ ಕ್ಲಬ್‌ಗಳೇ ಕಮ್ಮಿ, ಸೀಸನ್ ಚಿಕ್ಕದು, ಆಡೋಕೆ ಮ್ಯಾಚ್‌ಗಳೇ ಸಿಗಲ್ಲ, ಹಾಗಾಗಿ ಬಿ ಟೀಮ್ ಬಂದ್ರೆ ಯೂರೋಪ್‌ನಷ್ಟು ತೊಂದರೆ ಇಲ್ಲ, ಕೆಲವು ಕಡೆ ಉಪಕಾರವೇ. ಬೆಂಗಳೂರು ಸೂಪರ್ ಡಿವಿಷನ್‌ನಲ್ಲಿ ಬೆಂಗಳೂರು ಎಫ್‌ಸಿ ಹುಡುಗರು ಹಳೇ ಲೋಕಲ್ ಕ್ಲಬ್‌ಗಳ ಎದುರು, ಆಫೀಸ್ ಟೀಮ್‌ಗಳ ಎದುರು ಆಡೋದ್ರಿಂದ ಇಬ್ರಿಗೂ ಒಳ್ಳೇದು.

ಆದ್ರೆ ಪ್ರೊಮೋಷನ್ ರೆಲಿಗೇಷನ್ ಗಟ್ಟಿಯಾಗ್ತಾ ಹೋದ ಹಾಗೆ ಇಲ್ಲೂ ಅದೇ ಪ್ರಶ್ನೆಗಳು ಬರ್ತಾವೆ, ಈಗಲೇ ಅಭ್ಯಾಸ ಮಾಡ್ಕೊಳ್ಳಿ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಬಿ ಟೀಮ್ ಮ್ಯಾಚ್ ನೋಡೋಕೆ ಹೋದ್ರೆ ಹನ್ನೊಂದು ಹೆಸರು, ವಯಸ್ಸು ಬರ್ಕೊಳ್ಳಿ, ಅದೇ ಟೀಮ್‌ನ ಮುಂದಿನ ಮ್ಯಾಚ್‌ದೂ ಬರ್ಕೊಂಡು ಪಕ್ಕಪಕ್ಕ ಇಡಿ. ಅರ್ಧಕ್ಕಿಂತ ಜಾಸ್ತಿ ಹೆಸರು ಬದಲಾಗಿದ್ರೆ, ಅದೂ ಕೊನೆ ಸ್ಥಾನಗಳ ಲೆಕ್ಕಾಚಾರ ನಡೀತಿರೋ ವಾರದಲ್ಲಿ ಆಗಿದ್ರೆ, ಒಂದು ಸೀಸನ್‌ನಲ್ಲಿ ಎಷ್ಟು ಜನ ಮೇಲೆ ಕೆಳಗೆ ಓಡಾಡಬಹುದು ಅನ್ನೋ ರೂಲ್ ಏನಿದೆ ಅಂತ ಅಸೋಸಿಯೇಷನ್‌ಗೆ ಲೆಟರ್ ಬರೆದು ಕೇಳಿ, ನಿಮ್ಮ ಲೋಕಲ್ ಕ್ಲಬ್ ಸೆಕ್ರೆಟರಿ ಸೈನೂ ಹಾಕಿಸಿ.