ಮದುವೆಗೆ ಏನು ಕೊಡ್ಲಿ ಅಂದವರಿಗೆ ನಾನು ಹೇಳಿದ್ದು

ಅಕ್ಕನ ಮದುವೆಗೆ 7 ಗೋಡೆ ಗಡಿಯಾರ, 4 ಲೆಮನ್ ಸೆಟ್ ಬಂದಿದ್ದವು. ಕೊಟ್ಟವರ ಪ್ರೀತಿ ದೊಡ್ಡದೇ. ಆದರೆ ಹೊಸ ಮನೆಗೆ ಹೋದ ಮರುದಿನವೇ ಹಾಲು ಕಾಯಿಸಲು ಪಾತ್ರೆ ಇಲ್ಲದೆ ಅವಳು ಅಂಗಡಿಗೆ ಓಡಿದಳು. ನನ್ನ ಮದುವೆ ನಿಶ್ಚಯವಾಗಿ, ಚಿಕ್ಕಮ್ಮ "ಏನು ಕೊಡ್ಲಿ ಹೇಳೇ" ಅಂದಾಗ ಒಂದು ಪಟ್ಟಿ ಮಾಡಿಬಿಡೋಣ ಅನ್ನಿಸಿತು.

ಅಮ್ಮನಿಗೆ ಇಷ್ಟವಾಗಲಿಲ್ಲ. "ಮುಯ್ಯಿ ಯಾರಾದ್ರೂ ಕೇಳಿ ಇಸ್ಕೊಳ್ತಾರಾ?" ಅಂದರು. ಅದಕ್ಕೇ ಲಗ್ನಪತ್ರಿಕೆಯಲ್ಲಿ ಏನೂ ಹಾಕಿಸಲಿಲ್ಲ. ತಾವಾಗಿ ಕೇಳಿದವರಿಗೆ ಮಾತ್ರ ಹೇಳಿದೆ.

ಪಟ್ಟಿ ಮಾಡುವ ಮೊದಲು ನಾವಿಬ್ಬರೂ ಬಾಡಿಗೆಗೆ ಹಿಡಿದಿದ್ದ ಖಾಲಿ ಮನೆಗೆ ಅಳತೆ ಟೇಪು ತಗೊಂಡು ಹೋದೆವು. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಬೇಕು ಅಂತ ನೆನೆಸಿಕೊಂಡು ಬರೆದೆವು. ಬಕೆಟ್, ಕಾಫಿ ಫಿಲ್ಟರ್, ಮಿಕ್ಸಿ, ಡಬ್ಬಿಗಳು, ಇಸ್ತ್ರಿ ಪೆಟ್ಟಿಗೆ. ಗ್ರೈಂಡರ್ ಮೇಲೆ ನನಗೆ ಬಹಳ ಆಸೆ. ಆದರೆ ಅಡುಗೆ ಕಟ್ಟೆಯಲ್ಲಿ ಉಳಿದದ್ದು ಒಂದೂವರೆ ಅಡಿ ಜಾಗ. ಹೊಡೆದು ಹಾಕಿದೆ.

ಗ್ಯಾಸ್ ಬರುವವರೆಗೆ ಇಂಡಕ್ಷನ್ ಒಲೆಯೇ ಗತಿ. 2000 ವ್ಯಾಟ್ ಒಲೆಗೆ 6 ಆಂಪಿಯರ್‌ನ ಸಣ್ಣ ಪ್ಲಗ್ ಸಾಲದು, 16 ಆಂಪಿಯರ್‌ನದೇ ಬೇಕು. ಅಂಥದ್ದು ಕಿಟಕಿ ಪಕ್ಕ ಒಂದೇ ಇತ್ತು. ಪಾತ್ರೆಯೂ ಒಲೆಗೆ ಹೊಂದಬೇಕು ಅಲ್ವಾ? ಬರೀ ಅಲ್ಯೂಮಿನಿಯಂ ತಳದ ಕುಕ್ಕರ್ ಇಂಡಕ್ಷನ್ ಮೇಲೆ ನಡೆಯುವುದಿಲ್ಲ. ಹಾಗಾಗಿ "3 ಲೀಟರ್ ಕುಕ್ಕರ್, ತಳಕ್ಕೆ ಅಯಸ್ಕಾಂತ ಅಂಟಬೇಕು" ಅಂತ ಬರೆದೆ. ಚಿಕ್ಕಮ್ಮ ಫ್ರಿಜ್ ಬಾಗಿಲಿನ ಗಣಪತಿ ಅಯಸ್ಕಾಂತವನ್ನೇ ಕಿತ್ತು ಪರ್ಸಿಗೆ ಹಾಕಿಕೊಂಡರು. ಅಂಗಡಿಯಲ್ಲಿ ಒಂದೊಂದೇ ಕುಕ್ಕರ್ ಬೋರಲು ಹಾಕಿ, ಗಣಪತಿ ಅಂಟಿ ನಿಂತದ್ದನ್ನೇ ತಂದರು.

ಆಫೀಸಿನ 5 ಜನ ಸೇರಿ ಮಿಕ್ಸಿ ಕೊಟ್ಟರು. ಇನ್ನೂ ಓದುತ್ತಿರುವ ತಮ್ಮ ತಂಗಿಯರಿಗೆ ಹೊರೆಯಾಗಬಾರದು ಅಂತ ಸೌಟು, ಲಟ್ಟಣಿಗೆ, ಟೀ ಸೋಸುವ ಜಾಲರಿಯನ್ನೂ ಸೇರಿಸಿದ್ದೆ. ಯಾರು ಏನು ತರುತ್ತಾರೆ ಅಂತ ಅಕ್ಕ ಗುರುತು ಹಾಕಿಕೊಳ್ಳುತ್ತಿದ್ದಳು. ಒಂದೂ ಎರಡೆರಡು ಬರಲಿಲ್ಲ.

ಪಟ್ಟಿಯಲ್ಲಿ "ಕಬ್ಬಿಣದ ಕಾವಲಿ" ನೋಡಿ ದೊಡ್ಡಮ್ಮ, "ಹೊಸದು ಯಾಕೆ? ಅದನ್ನ ಪಳಗಿಸೋಕೇ ತಿಂಗಳು ಬೇಕು" ಅಂದರು. ತಾವು ದಿನಾ ದೋಸೆ ಹುಯ್ಯುತ್ತಿದ್ದ ಕಾವಲಿಯನ್ನೇ ಹಳೇ ಪಂಚೆಯಲ್ಲಿ ಸುತ್ತಿ ತಂದರು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅಂಚಿನಲ್ಲಿ ಎಣ್ಣೆ ವಾಸನೆ ಇನ್ನೂ ಇತ್ತು. ಹೊಸ ಮನೆಯಲ್ಲಿ ಮೊದಲ ದೋಸೆಯೇ ಅಂಟದೆ ಎದ್ದಿತು.