ಬೋಟಿನ ಸ್ವಿಚ್ಚು ಕೆಡುವುದು ಬೆನ್ನ ಕಡೆಯಿಂದ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಕೆಲವು ಬೋಟುಗಳಲ್ಲಿ ಬಲೆ ಸರಿ ಮಾಡುತ್ತಿರುತ್ತಾರೆ, ಕೆಲವು ಕಡೆ ಇಂಜಿನ್ ಬಿಚ್ಚಿ ಹರಡಿರುತ್ತಾರೆ. ನಾನು ವಯರಿಂಗ್ ಮಾಡುವವನು. ನನಗೆ ಕೈ ತುಂಬ ಕೆಲಸ ಸಿಗುವುದು ಈ ಎರಡು ತಿಂಗಳಲ್ಲೇ.

ತಂಡೇಲರು, ಅಂದರೆ ಬೋಟು ನಡೆಸುವವರು, ಕರೆದು ಹೇಳುವ ದೂರು ಹೆಚ್ಚಾಗಿ ಒಂದೇ ಥರ: "ಎಂತ ಮಾರಾಯ, ಲೈಟು ಒಮ್ಮೆ ಉರೀತದೆ, ಒಮ್ಮೆ ಇಲ್ಲ. ಸ್ವಿಚ್ಚಿಗೆ ಎರಡು ಕೊಟ್ರೆ ಸರಿಯಾಗ್ತದೆ." ಬೋರ್ಡಿನ ಮುಂದೆ ನೋಡಿದರೆ ಎಲ್ಲ ಚೆನ್ನಾಗಿಯೇ ಇರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡ್ ಮಗುಚಿದರೆ ಕಥೆ ಬೇರೆ. ವಯರು ಕಟ್ಟುವ ಟರ್ಮಿನಲ್ ಮೇಲೆ ಹಸಿರು ಕಿಲುಬು, ಸ್ಕ್ರೂ ತಲೆಯಲ್ಲಿ ತುಕ್ಕು, ಎರಡು ಟರ್ಮಿನಲ್ ನಡುವೆ ತೆಳ್ಳಗೆ ಉಪ್ಪಿನ ಪದರ. ವಯರಿನ ಸಿಪ್ಪೆ ಸ್ವಲ್ಪ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿರುತ್ತದೆ. ಇನ್ನೂ ಒಂದಿಂಚು ಸುಲಿದರೂ ಕಪ್ಪೇ. ಉಪ್ಪುನೀರು ಎಳೆಗಳ ಸಂದಿಯಲ್ಲಿ ಹೀರಿಕೊಂಡು ಅಷ್ಟು ದೂರ ಹೋಗಿರುತ್ತದೆ. ಅಂಥ ವಯರಿಗೆ ಹೊಸ ಸ್ವಿಚ್ಚು ಹಾಕಿದರೆ ದುಡ್ಡು ದಂಡ.

ಮೊದಲು ಆಯ್ಕೆಯ ವಿಷಯ ಹೇಳುತ್ತೇನೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಡಿಸಿ ರೇಟಿಂಗ್, ಅಂದರೆ ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟನ್ನು ಸ್ವಿಚ್ಚು ಎಷ್ಟು ತಡೆಯುತ್ತದೆ ಅನ್ನುವುದು. ಮನೆಗೆ ಹಾಕುವ ಸ್ವಿಚ್ಚನ್ನೇ ಬೋಟಿಗೆ ಹಾಕಿದ್ದನ್ನು ಈಗಲೂ ನೋಡುತ್ತೇನೆ. "250 ವೋಲ್ಟ್ ತಡೆಯುವ ಸ್ವಿಚ್ಚು, ಬ್ಯಾಟರಿಯ 24 ವೋಲ್ಟಿಗೆ ಸಾಕಾಗುವುದಿಲ್ವಾ?" ಅಂತ ಕೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಮನೆಯ ಕರೆಂಟು ಎಸಿ, ದಿಕ್ಕು ಬದಲಿಸುತ್ತಲೇ ಇರುತ್ತದೆ. ನಮ್ಮ 50 ಹರ್ಟ್ಜ್ ಲೈನಿನಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ಚು ಆಫ್ ಮಾಡುವಾಗ ಒಳಗೆ ಹಾರುವ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಸೊನ್ನೆ ಅನ್ನುವುದೇ ಇಲ್ಲ. ಕಿಡಿ ಹಿಡಿದುಕೊಂಡೇ ಇರುತ್ತದೆ, ಒಳಗೆ ಕೂಡಿ ಬಿಡುವ ಲೋಹದ ತುದಿಗಳನ್ನು (ಕಾಂಟ್ಯಾಕ್ಟ್) ತಿನ್ನುತ್ತದೆ. 12 ವೋಲ್ಟಿನಲ್ಲಿ ಇದರ ಕಾಟ ಕಡಿಮೆ, 24ರಲ್ಲಿ ಜೋರು. ಪಂಪು, ಹಾರ್ನ್ ಥರ ಕಾಯಿಲ್ ಇರುವ ಸಾಮಾನಾದರೆ ಇನ್ನೂ ಜಾಸ್ತಿ. ಸುಟ್ಟ ಸ್ವಿಚ್ಚನ್ನು ಒಡೆದು ನೋಡಿದರೆ ಕಾಂಟ್ಯಾಕ್ಟಿನ ಒಂದು ಕಡೆ ಗುಳಿ, ಎದುರು ಕಡೆ ಗುಬುಟು ಇರುತ್ತದೆ. ಕೆಲವು ಸಲ ಎರಡೂ ಅಂಟಿಕೊಂಡು ಬೆಸುಗೆಯಾಗಿಬಿಡುತ್ತವೆ. ಆಗ ಆಫ್ ಮಾಡಿದರೂ ಪಂಪು ಓಡುತ್ತಲೇ ಇರುತ್ತದೆ.

ಹಾಗಾಗಿ ಸ್ವಿಚ್ಚಿನ ಮೈಮೇಲೆ ಡಿಸಿಗೆ ಎಷ್ಟು ಆಂಪಿಯರ್ ಅಂತ ಬೇರೆಯಾಗಿ ಬರೆದಿರಬೇಕು. ಬರೆದಿಲ್ಲದ್ದನ್ನು ನಾನು ತರುವುದಿಲ್ಲ. ಲೈಟಿಗಾದರೆ ಲೋಡಿನ ಒಂದೂವರೆ ಪಟ್ಟು, ಮೋಟಾರಿಗಾದರೆ ಕಡಿಮೆಯೆಂದರೂ ಎರಡು ಪಟ್ಟು ರೇಟಿಂಗ್ ಇರುವುದನ್ನು ಹಾಕುತ್ತೇನೆ. ಮೋಟಾರು ಸ್ಟಾರ್ಟ್ ಆಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಎಳೆಯುತ್ತದೆ. ದೊಡ್ಡ ಸರ್ಚ್‌ಲೈಟ್, ಗಾಳಿ ಹಾರ್ನಿನ ಕಂಪ್ರೆಸರ್ ಇಂಥವಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸಾಧನ) ಇಟ್ಟು, ಸ್ವಿಚ್ಚಿನಿಂದ ರಿಲೇಯನ್ನಷ್ಟೇ ಎಳೆಸುತ್ತೇನೆ. ಸ್ವಿಚ್ಚಿಗೂ ಆರಾಮ, ದಪ್ಪ ವಯರನ್ನು ಬೋರ್ಡಿನವರೆಗೆ ಎಳೆಯುವ ಕೆಲಸವೂ ಉಳಿಯಿತು.

ಐಪಿ67, ಅಂದರೆ ಧೂಳು, ನೀರು ಒಳಗೆ ಹೋಗುವುದಿಲ್ಲ ಅಂತ ಬರೆದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ರಾಕರ್ ಸ್ವಿಚ್ಚುಗಳಲ್ಲಿ (ಒತ್ತಿದರೆ ಒಂದು ಕಡೆ ಬಾಗುವವು) ಆ ಮಾತು ಮುಂಭಾಗಕ್ಕೆ ಮಾತ್ರ ಸಲ್ಲುತ್ತದೆ, ಹಿಂದಿನ ಟರ್ಮಿನಲ್ ಬರಿಮೈ. ಡೆಕ್ಕಿನ ಮೇಲೆ ಹಾಕುವುದಿದ್ದರೆ ರಬ್ಬರ್ ಟೊಪ್ಪಿ ಇರುವ ಟಾಗಲ್ (ಮೇಲೆ ಕೆಳಗೆ ಮಾಡುವ ಕಡ್ಡಿಯ) ಸ್ವಿಚ್ಚೇ ನನಗೆ ಇಷ್ಟ. ಒದ್ದೆ ಕೈ, ಗ್ಲೌಸ್ ಕೈಗೆ ಚೆನ್ನಾಗಿ ಸಿಗುತ್ತದೆ. ಮೇಲೆ ಇದೆಯೋ ಕೆಳಗೆ ಇದೆಯೋ ಕತ್ತಲಲ್ಲಿ ಮುಟ್ಟಿದರೇ ತಿಳಿಯುತ್ತದೆ. ಕ್ಯಾಬಿನ್ ಒಳಗೆ ದೀಪ ಇರುವ ರಾಕರ್ ಆಗಬಹುದು. ಬ್ರಾಂಡ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಕೂರಿಸುವ ಕೆಲಸ. ಬೋರ್ಡನ್ನು ಬಾಗಿಲಿನ ಎದುರಿಗಾಗಲಿ, ಮುಂದಿನ ಗಾಜಿನ ಕೆಳಗಾಗಲಿ ಇಡುವುದಿಲ್ಲ. ಗಾಜಿನ ರಬ್ಬರು ಇವತ್ತಲ್ಲ ನಾಳೆ ಸೋರಿಯೇ ಸೋರುತ್ತದೆ. ಬೋರ್ಡಿಗೆ ವಯರು ಕೆಳಗಿನಿಂದ ಮೇಲಕ್ಕೆ ಬರಬೇಕು. ಮೇಲಿನಿಂದ ಬರುವುದೇ ಆದರೆ ಕೆಳಗೆ ಒಂದು ಜೋಲು ಬಿಟ್ಟು ಮತ್ತೆ ಮೇಲೆತ್ತಬೇಕು. ಆಗ ವಯರಿನ ಮೇಲೆ ಇಳಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ವಯರು ಟಿನ್ ಲೇಪದ ತಾಮ್ರದ್ದೇ ಆಗಬೇಕು. ದರ ಜಾಸ್ತಿ, ಯಜಮಾನರು ಗೊಣಗುತ್ತಾರೆ. ಆಗ ಹಳೆಯ ಕಪ್ಪು ವಯರಿನ ಒಂದು ತುಂಡನ್ನು ಅವರ ಕೈಗೆ ಕೊಡುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ದಪ್ಪದಲ್ಲೂ ಜಿಪುಣತನ ಬೇಡ. ಬ್ಯಾಟರಿಯಿಂದ 10 ಮೀಟರ್ ದೂರದಲ್ಲಿ 5 ಆಂಪಿಯರ್ ಎಳೆಯುವ ಪಂಪು ಇದೆ ಅನ್ನಿ. 1.5 ಸ್ಕ್ವೇರ್ ಎಂಎಂ ವಯರು ಹಾಕಿದರೆ, ಹೋಗಿ ಬರುವ 20 ಮೀಟರಿನಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಅಲ್ಲೇ ಸೋರಿಹೋಗುತ್ತದೆ. 12ರಲ್ಲಿ ಒಂದು ಹೋದರೆ ಉಳಿಯುವುದೆಷ್ಟು? 4 ಸ್ಕ್ವೇರ್ ಎಂಎಂ ಹಾಕಿದರೆ ಅರ್ಧ ವೋಲ್ಟಿನೊಳಗೆ ನಿಲ್ಲುತ್ತದೆ. 24 ವೋಲ್ಟಿನ ಬೋಟಿನಲ್ಲಿ ಅದೇ ವ್ಯಾಟಿಗೆ ಕರೆಂಟು ಅರ್ಧ, ಹಾಗಾಗಿ ಅಲ್ಲಿ ಸ್ವಲ್ಪ ಸಲೀಸು.

ವಯರಿನ ತುದಿಗೆ ಹಾಕುವ ಲೋಹದ ಲಗ್ಸ್ ಕೂರಿಸಲು ಒಳ್ಳೆಯ ಕ್ರಿಂಪಿಂಗ್ ಟೂಲ್ (ಅದುಮಿ ಬಿಗಿಯುವ ಸಾಧನ) ಬೇಕು, ಕಟಿಂಗ್ ಪ್ಲೇಯರಿನಿಂದ ಅದುಮುವುದಲ್ಲ. ಬರೀ ಬೆಸುಗೆ ಹಾಕಿ ಬಿಟ್ಟರೆ ಆ ಜಾಗ ಕಡ್ಡಿಯಾಗುತ್ತದೆ, ಇಂಜಿನ್ ನಡುಗಿ ನಡುಗಿ ಬೆಸುಗೆ ಮುಗಿಯುವಲ್ಲಿ ಕಟ್ಟಾಗುತ್ತದೆ. ಕ್ರಿಂಪ್ ಆದ ಮೇಲೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡುತ್ತೇನೆ. ಅಂಚಿನಲ್ಲಿ ಅಂಟು ಸ್ವಲ್ಪ ಉಕ್ಕಿ ಹೊರಗೆ ಬಂದರೆ ಒಳಗೆ ಪೂರ್ತಿ ಮುಚ್ಚಿದೆ ಅಂತ ಅರ್ಥ. ಆಮೇಲೆ ಕೈಯಿಂದ ಜಗ್ಗಿ ನೋಡುತ್ತೇನೆ. ಜಗ್ಗಿದಾಗ ಬರುವಂಥದ್ದು ಕಡಲಲ್ಲಿ ಬರುವುದಕ್ಕಿಂತ ಇಲ್ಲೇ ಬರಲಿ.

ಫ್ಯೂಸು ಬೋರ್ಡಿನಲ್ಲಿ ಇದ್ದರೆ ಸಾಲದು. ಬೋರ್ಡಿಗೆ ಬರುವ ದಪ್ಪ ವಯರಿಗೂ ಬ್ಯಾಟರಿಯ ಪಕ್ಕದಲ್ಲೇ ಒಂದು ಬೇಕು. ಇಲ್ಲದಿದ್ದರೆ ಬ್ಯಾಟರಿಯಿಂದ ಬೋರ್ಡಿನವರೆಗಿನ ವಯರು ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ. ಉಕ್ಕಿನ ಬೋಟಾದರೆ ಇನ್ನೊಂದು ಎಚ್ಚರ: ಬೋಟಿನ ಉಕ್ಕಿನ ಮೈಯನ್ನೇ ನೆಗೆಟಿವ್ ವಯರಿನ ಬದಲು ಬಳಸಬಾರದು. ವಯರು ಉಳಿತಾಯ ಆಗುತ್ತದೆ, ನಿಜ. ಆದರೆ ಸೋರುವ ಕರೆಂಟು ನೀರಿನೊಳಗಿನ ಲೋಹವನ್ನು ತಿನ್ನುತ್ತದೆ. ಅಲ್ಲಿ ಎರಡೂ ವಯರನ್ನು ಕಡಿಯುವ ಡಬಲ್ ಪೋಲ್ ಸ್ವಿಚ್ಚು ಹಾಕುತ್ತೇನೆ.

ಬೋಟಿನ ತಳದ ನೀರು ಎತ್ತುವ ಪಂಪಿನ ಸ್ವಿಚ್ಚು ಬೇರೆಯದೇ ಜಾತಿ. ಆಟೋ, ಆಫ್, ಮ್ಯಾನ್ಯುಯಲ್ ಅಂತ ಮೂರು ಸ್ಥಾನದ್ದು. ಆಟೋ ವಯರನ್ನು ಮೇನ್ ಸ್ವಿಚ್ಚಿನ ಮೂಲಕ ತರುವುದಿಲ್ಲ, ಸ್ವಂತ ಫ್ಯೂಸ್ ಕೊಟ್ಟು ನೇರ ಬ್ಯಾಟರಿಯಿಂದ ತರುತ್ತೇನೆ. ಬೋಟು ಕಟ್ಟುವ ದಕ್ಕೆಯಲ್ಲಿ ಮೇನ್ ಆಫ್ ಮಾಡಿ ಎಲ್ಲರೂ ಮನೆಗೆ ಹೋದ ರಾತ್ರಿಯೇ ಅಲ್ವಾ ಅದು ಬೇಕಾಗುವುದು! ನೀರು ಏರಿದಾಗ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ಚಿನ ಜಾಯಿಂಟನ್ನು ತಳದ ನೀರಿಗೆ ಸಿಗದಷ್ಟು ಎತ್ತರಕ್ಕೆ ಒಯ್ದು ಮಾಡಬೇಕು. ಇಂಥ ಪಂಪು ನಿಂತಾಗ ನಾನು ಮೊದಲು ನೋಡುವುದು ಆ ಜಾಯಿಂಟನ್ನೇ.

ಮೇನ್ ಸ್ವಿಚ್ಚಿನ ಬಗ್ಗೆ ಒಂದೇ ಮಾತು. ಇಂಜಿನ್ ಓಡುವಾಗ ಅದನ್ನು ಆಫ್ ಮಾಡಬಾರದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ ಬರುವ ಕರೆಂಟಿಗೆ ಹೋಗಲು ದಾರಿ ಇಲ್ಲದೆ ವೋಲ್ಟೇಜ್ ಒಮ್ಮೆಲೇ ಏರಿ ಅದರೊಳಗಿನ ಡಯೋಡುಗಳು ಹೋಗಿಬಿಡುತ್ತವೆ. ಇದನ್ನು ಸ್ವಿಚ್ಚಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಅಂಟಿಸುತ್ತೇನೆ.

ಬೋರ್ಡಿನಲ್ಲಿ ಲೈಟುಗಳ ಸಾಲು ಹೇಗಿರಬೇಕು ಅನ್ನುವುದನ್ನು ತಂಡೇಲರ ಜೊತೆ ಕೂತು ಮಾತಾಡಿಯೇ ಮಾಡುವುದು. ಓಡುವಾಗ ಬೇಕಾದ ಎಡದ ಕೆಂಪು, ಬಲದ ಹಸಿರು, ಹಿಂದಿನ ಬಿಳಿ ಒಂದು ಸ್ವಿಚ್ಚಿಗೆ. ಮಾಸ್ಟ್ ಮುಂದಿನ ಬಿಳಿ ದೀಪಕ್ಕೆ ಬೇರೆಯದು. ಟ್ರಾಲ್ ಬಲೆ ಎಳೆಯುವಾಗಿನ ಮೇಲೆ ಹಸಿರು, ಕೆಳಗೆ ಬಿಳಿ ಇನ್ನೊಂದಕ್ಕೆ. ಗಿಲ್‌ನೆಟ್ ಬಲೆಯ ಬೋಟಾದರೆ ಅಲ್ಲಿ ಹಸಿರಿನ ಬದಲು ಕೆಂಪು. ಲಂಗರು ಹಾಕಿದಾಗಿನ ಬಿಳಿಗೆ ಮತ್ತೊಂದು. ಎಲ್ಲವನ್ನೂ ಒಂದೇ ಸ್ವಿಚ್ಚಿಗೆ ತುರುಕಿದರೆ ಎದುರಿನ ಬೋಟಿನವನಿಗೆ ನೀವು ಏನು ಮಾಡುತ್ತಿದ್ದೀರಿ ಅಂತ ತಿಳಿಯುವುದೇ ಇಲ್ಲ. ಪಂಪಿನ ಸ್ವಿಚ್ಚನ್ನು ಸಾಲಿನ ಒಂದು ತುದಿಗೆ, ಹಾರ್ನನ್ನು ಇನ್ನೊಂದು ತುದಿಗೆ ಇಡುತ್ತೇನೆ. ಗಾಬರಿಯಲ್ಲಿ ಕೈಗೆ ಸಿಗುವುದು ತುದಿಗಳೇ.

ನೋಡಿಕೊಳ್ಳುವ ಕೆಲಸ ಜಾಸ್ತಿ ಏನಿಲ್ಲ, ಆದರೆ ಮಲ್ಟಿಮೀಟರ್ ಬೇಕೇ ಬೇಕು. ಲೋಡ್ ಆನ್ ಇರುವಾಗಲೇ ಸ್ವಿಚ್ಚಿನ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. ಒಳ್ಳೆಯ ಸ್ವಿಚ್ಚಿನಲ್ಲಿ ಹೆಚ್ಚೂಕಡಿಮೆ ಸೊನ್ನೆ ಇರಬೇಕು. 0.1 ವೋಲ್ಟಿನೊಳಗೆ ಇದ್ದರೆ ನಾನು ಮುಟ್ಟುವುದಿಲ್ಲ. 0.3 ಬಂದರೆ ತೆಗೆದು ಎಸೆಯುತ್ತೇನೆ. 5 ಆಂಪಿಯರ್ ಹರಿಯುವಾಗ 0.3 ವೋಲ್ಟ್ ಅಂದರೆ ಒಂದೂವರೆ ವ್ಯಾಟ್ ಬಿಸಿ ಆ ಪುಟ್ಟ ಡಬ್ಬಿಯೊಳಗೇ ಹುಟ್ಟುತ್ತಿದೆ ಅಂತ. ಬೆರಳಿಟ್ಟರೆ ಬೆಚ್ಚಗೆ ತಾಗುತ್ತದೆ. ಕಾಂಟ್ಯಾಕ್ಟನ್ನು ಮರಳು ಕಾಗದದಿಂದ ಉಜ್ಜುವವರಿದ್ದಾರೆ. ಬೆಳ್ಳಿಯ ಲೇಪ ಹೋಗುತ್ತದೆ, ಎರಡು ವಾರ ಚೆನ್ನಾಗಿದ್ದು ಮತ್ತೆ ಅದೇ ರಾಗ.

ಟರ್ಮಿನಲ್ ಬಿಗಿ ಮಾಡಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರುತ್ತೇನೆ. ಬಿಗಿ ಮಾಡುವ ಮೊದಲು ಮೆತ್ತುವುದಲ್ಲ, ಗ್ರೀಸಿನಲ್ಲಿ ಕರೆಂಟು ಹರಿಯುವುದಿಲ್ಲ. ಅಪರೂಪಕ್ಕೆ ಬಳಸುವ ಸ್ವಿಚ್ಚುಗಳನ್ನು ವಾರಕ್ಕೊಮ್ಮೆ ಸುಮ್ನೆ ಆನ್ ಆಫ್ ಮಾಡಲು ಬೋಟಿನ ಕೆಲಸಗಾರರಾದ ಕಲಾಸಿಗಳಿಗೆ ಹೇಳಿಟ್ಟಿರುತ್ತೇನೆ. ಕಾಂಟ್ಯಾಕ್ಟುಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಚೊಕ್ಕವಾಗುತ್ತವೆ.

ಆಗಸ್ಟಿಗೆ ಬೋಟು ಹೊರಡುವ ಮೊದಲು ಕೊನೆಯ ಪರೀಕ್ಷೆ. ಮೇನ್ ಆನ್ ಇಟ್ಟು ಉಳಿದ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿ ನಡುವೆ ಮೀಟರನ್ನು ಆಂಪಿಯರಿಗೆ ಇಟ್ಟು ಸೇರಿಸುತ್ತೇನೆ. ಕರೆಂಟು ತೋರಿಸಿದರೆ ಎಲ್ಲೋ ಸೋರುತ್ತಿದೆ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋದರೆ, ಯಾವುದನ್ನು ತೆಗೆದಾಗ ಮುಳ್ಳು ಬೀಳುತ್ತದೋ ಆ ಲೈನಿನ ಸ್ವಿಚ್ಚಿನ ಹಿಂದೆ ಮೊದಲು ಹುಡುಕುತ್ತೇನೆ. ಎಷ್ಟೋ ಸಲ ಸಿಹಿನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಪ್ಪು ತೊಳೆದು, ಒಣಗಿಸಿ ಮತ್ತೆ ಅಳೆದರೆ ಸರಿ ಹೋಗಿರುತ್ತದೆ.