ಮಗುವಿನ ಕಿವಿನೋವಿಗೆ ಆ್ಯಂಟಿಬಯೋಟಿಕ್ ಬರೆಯುವ ಮುನ್ನ

ಉಡುಪಿಯಲ್ಲಿ ಮಳೆ ಹಿಡಿದು ಶಾಲೆ, ಅಂಗನವಾಡಿಗಳು ಶುರುವಾದರೆ ನನ್ನ ಕ್ಲಿನಿಕ್ಕಿನಲ್ಲಿ ಕಿವಿ ಹಿಡಿದುಕೊಂಡು ಅಳುವ ಮಕ್ಕಳು ಹೆಚ್ಚುತ್ತಾರೆ. ಮನೆಯವರು ದೂರುವುದು ಸ್ನಾನದ ನೀರನ್ನು. ಆದರೆ ಮಧ್ಯಕಿವಿಗೆ ಸೋಂಕು ಹತ್ತುವುದು ಮೂಗಿನ ಹಿಂದಿನಿಂದ. ಅಲ್ಲಿಂದ ಮಧ್ಯಕಿವಿಗೆ ಹೋಗುವ ಯೂಸ್ಟೇಶಿಯನ್ ನಾಳ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಇಳಿಜಾರೂ ಕಡಿಮೆ. ಶೀತದ ವೈರಸ್ಸಿನಿಂದ ಅದು ಊದಿಕೊಂಡು ಮುಚ್ಚಿದರೆ ಒಳಗೆ ದ್ರವ ನಿಲ್ಲುತ್ತದೆ. ನ್ಯುಮೋಕಾಕಸ್, ಹಿಮೋಫಿಲಸ್, ಮೊರಾಕ್ಸೆಲ್ಲಾ ಬ್ಯಾಕ್ಟೀರಿಯಾಗಳು ಎಷ್ಟೋ ಆರೋಗ್ಯವಂತ ಮಕ್ಕಳ ಮೂಗಿನ ಹಿಂದೆ ಮೊದಲೇ ಠಿಕಾಣಿ ಹೂಡಿರುತ್ತವೆ. ಅವು ಬೆಳೆಯುವುದು ಈ ದ್ರವದಲ್ಲಿ.

ಮಗುವನ್ನು ತಾಯಿಯ ಮಡಿಲಲ್ಲಿ ಅಡ್ಡ ಕೂರಿಸಿ, ತಲೆಯನ್ನು ಎದೆಗೆ ಒತ್ತಿ ಹಿಡಿಯಲು ಹೇಳುತ್ತೇನೆ. ಕಿವಿಯೊಳಗೆ ನೋಡುವ ಓಟೋಸ್ಕೋಪ್ ಹಿಡಿದ ಕೈಯ ಕಿರುಬೆರಳು ಮಗುವಿನ ಕೆನ್ನೆಗೆ ತಾಗಿರಬೇಕು. ಕೊಸರಾಡಿದರೆ ಕೈಯೂ ಜತೆಗೇ ಸರಿಯುತ್ತದೆ. ಕಿವಿಯ ತಮಟೆ ಕೆಂಪಗಿರುವುದನ್ನೇ ನಂಬುವುದಿಲ್ಲ, ಜೋರಾಗಿ ಅತ್ತರೂ ಅದು ಕೆಂಪಾಗುತ್ತದೆ. ನಾನು ಹುಡುಕುವುದು ಉಬ್ಬನ್ನು. ಹಿಂದೆ ಕೀವು ತುಂಬಿದರೆ ತಮಟೆ ಹಳದಿಗಟ್ಟಿ ಹೊರಕ್ಕೆ ಉಬ್ಬಿರುತ್ತದೆ, ತಮಟೆಗೆ ಅಂಟಿಕೊಂಡ ಸುತ್ತಿಗೆ ಮೂಳೆಯ ಗುರುತೇ ಕಾಣುವುದಿಲ್ಲ.

“ಬಿಸಿ ತೆಂಗಿನೆಣ್ಣೆ ಎರಡು ಹನಿ ಬಿಟ್ಟಿದ್ದೇವೆ ಡಾಕ್ಟರೇ” ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. “ಕೀವು ಇರುವುದು ತಮಟೆಯ ಆಚೆ ಅಮ್ಮಾ, ಎಣ್ಣೆ ಈಚೆಯೇ ನಿಲ್ಲುತ್ತದೆ” ಎಂದು ಹೇಳಿ, ಅದನ್ನು ಒರೆಸಿಯೇ ನೋಡಬೇಕಾಗುತ್ತದೆ.

ಎರಡು ವರ್ಷ ದಾಟಿದ ಮಗು, ಒಂದೇ ಕಿವಿ, ಸಣ್ಣ ಜ್ವರವಾದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು 48ರಿಂದ 72 ಗಂಟೆ ಕಾಯುತ್ತೇನೆ. ಹೆಚ್ಚಿನವರಿಗೆ ಅಷ್ಟರಲ್ಲೇ ನೋವು ಇಳಿಯುತ್ತದೆ. ಆರು ತಿಂಗಳೊಳಗಿನ ಕೂಸು, ಕಿವಿ ಸೋರುವ ಮಗು, 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ ಇದ್ದಾಗ ಕಾಯುವುದಿಲ್ಲ. ಆಗ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್, ಮಗುವಿನ ತೂಕದ ಕೆ.ಜಿ.ಗೆ ದಿನಕ್ಕೆ 80–90 ಮಿಲಿಗ್ರಾಂ. ಇಷ್ಟೇಕೆ ಎಂದು ಔಷಧ ಅಂಗಡಿಯಿಂದ ಫೋನು ಬರುವುದುಂಟು. ಮದ್ದು ಅಂಟಿಕೊಳ್ಳುವ ಜಾಗವನ್ನೇ ಬದಲಿಸಿಕೊಂಡ ನ್ಯುಮೋಕಾಕಸ್ಸನ್ನು ಹೆಚ್ಚಿನ ಪ್ರಮಾಣ ಮಣಿಸುತ್ತದೆ. ಮೊರಾಕ್ಸೆಲ್ಲಾದ ಹಾಗೂ ಹಲವು ಹಿಮೋಫಿಲಸ್‌ಗಳ ವಿಷಯ ಬೇರೆ: ಅವು ಮದ್ದನ್ನೇ ಒಡೆಯುವ ಕಿಣ್ವ ಸ್ರವಿಸುತ್ತವೆ, ಅಲ್ಲಿ ಆ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿಸಲೇಬೇಕು. ಕಿವಿಯ ಜತೆ ಕಣ್ಣೂ ಕೆಂಪಾಗಿ ಗೀಜು ಕಟ್ಟಿದ್ದರೆ ನನ್ನ ಅನುಮಾನ ಹಿಮೋಫಿಲಸ್ ಮೇಲೆ.

ಕಳೆದ ಬಾರಿ ಉಳಿದ ಸಿರಪ್ಪನ್ನು ಕುಡಿಸಿ ಕರೆತರುವವರು ನನಗೆ ದೊಡ್ಡ ತಲೆನೋವು. ಕಲಸಿಟ್ಟ ಬಾಟಲಿಯ ಆಯುಸ್ಸು ಕೆಲವೇ ದಿನ.

ಲಸಿಕೆ ಕಾರ್ಡನ್ನೂ ಕೇಳುತ್ತೇನೆ. ನ್ಯುಮೋಕಾಕಲ್ ಲಸಿಕೆ 2017ರಿಂದ ಹಂತಹಂತವಾಗಿ ಸರ್ಕಾರಿ ಪಟ್ಟಿಗೆ ಬಂದಿದೆ. ಹಿಮೋಫಿಲಸ್ ಲಸಿಕೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ‘ಬಿ’ ಬಗೆಗೆ ಮಾತ್ರ, ಕಿವಿಗೆ ಬರುವುದು ಬಹುಪಾಲು ಬೇರೆಯದು.

ನೋವು ಹೋದ ಮೇಲೂ ದ್ರವ ವಾರಗಟ್ಟಲೆ ಉಳಿಯಬಹುದು. ಅದಕ್ಕೆ ಮತ್ತೆ ಆ್ಯಂಟಿಬಯೋಟಿಕ್ ಬರೆಯುವುದಿಲ್ಲ. ಮೂರು ತಿಂಗಳಾದರೂ ಹೋಗದಿದ್ದರೆ ಶ್ರವಣ ಪರೀಕ್ಷೆಗೆ ಕಳುಹಿಸುತ್ತೇನೆ.